ಅರ್ಜಿ ಎರಡು ಸಲ ವಾಪಸ್ ಬಂತು, ಏಜೆಂಟ್‌ಗೆ ಲಾಗಿನ್ ಕೊಡಲಾ?

ಪ್ರಶ್ನೆ: ನಾನು ಬಡಗಿ. ಇಷ್ಟು ವರ್ಷ ಬೇರೆಯವರ ಹತ್ತಿರ ಕೆಲಸ ಮಾಡಿದೆ, ಈಗ ಸ್ವಂತ ವರ್ಕ್‌ಶಾಪ್ ಶುರು ಮಾಡಬೇಕು. ಸರ್ಕಾರದ ಪೋರ್ಟಲ್‌ನಲ್ಲಿ ಪರವಾನಗಿಗೆ ಅರ್ಜಿ ಹಾಕಿದೆ. ಮೊದಲ ಸಲ 'ಚಟುವಟಿಕೆಗೂ ದಾಖಲೆಗೂ ಹೊಂದಾಣಿಕೆ ಇಲ್ಲ' ಅಂತ ವಾಪಸ್ ಬಂತು. ಎರಡನೇ ಸಲ 'ದಾಖಲೆ ಸ್ಪಷ್ಟವಿಲ್ಲ' ಅಂತ. ಏಕಗವಾಕ್ಷಿ ಅಂತಾರೆ, ಒಳಗೆ ಹೋದರೆ ಆರು ಇಲಾಖೆ. ಒಬ್ಬ ಏಜೆಂಟ್ 'ಲಾಗಿನ್ ಕೊಡಿ, ನಾನು ಮಾಡಿಸಿಕೊಡ್ತೀನಿ' ಅಂತಿದ್ದಾನೆ. ಜಾಗದ ಬಾಡಿಗೆ ಆಗಲೇ ಓಡ್ತಾ ಇದೆ. ಏನು ಮಾಡಲಿ?

ಉತ್ತರ: ಲಾಗಿನ್ ಕೊಡಬೇಡಿ. ಏಜೆಂಟ್ ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು, ಅದಕ್ಕೂ ಬರುತ್ತೇನೆ. ಮೊದಲು ಅರ್ಜಿ ಯಾಕೆ ವಾಪಸ್ ಬರುತ್ತಿದೆ ಅಂತ ನೋಡೋಣ. ಈಗಿರುವ ಹಾಗೇ ಆ ಅರ್ಜಿಯನ್ನು ಏಜೆಂಟ್ ಹಾಕಿದರೂ ಅದೇ ಕಾರಣಕ್ಕೆ ವಾಪಸ್ ಬರುತ್ತದೆ, ಅಷ್ಟೇ.

ಪೋರ್ಟಲ್ ಅನ್ನುವುದು ಪರವಾನಗಿ ಕೊಡುವ ಯಂತ್ರ ಅಲ್ಲ. ಅದು ಅಂಚೆ ಡಬ್ಬ. ನೀವು ಹಾಕಿದ ಕಾಗದವನ್ನು ಬೇರೆ ಬೇರೆ ಮೇಜಿಗೆ ಹಂಚುವುದು ಅದರ ಕೆಲಸ. ಒಂದು ಮೇಜು ಜಾಗ ನೋಡುತ್ತದೆ, ಒಂದು ಬೆಂಕಿ, ಇನ್ನೊಂದು ಹೊಗೆ ಮತ್ತು ಸದ್ದು, ಮತ್ತೊಂದು ತೆರಿಗೆ. ಮುಂಚೆ ಕೌಂಟರ್ ಇದ್ದಾಗ ನೀವು ಎದುರಿಗೆ ನಿಂತು 'ಸಾರ್, ಇದು ನಮ್ಮ ತಂದೆ ಹೆಸರಲ್ಲಿದೆ, ಆದರೆ ನಡೆಸುವವನು ನಾನು' ಅಂತ ಬಾಯಲ್ಲಿ ಹೇಳಬಹುದಿತ್ತು. ಈಗ ಆ ಮೇಜಿನಲ್ಲಿ ಕೂತವರಿಗೆ ನಿಮ್ಮ ಮುಖ ಕಾಣುವುದಿಲ್ಲ, ನಿಮ್ಮ ಮಾತು ಕೇಳುವುದಿಲ್ಲ. ಪರದೆಯ ಎಡಗಡೆ ನೀವು ತುಂಬಿದ ಫಾರ್ಮ್, ಬಲಗಡೆ ನೀವು ಅಪ್‌ಲೋಡ್ ಮಾಡಿದ ಕಾಗದ. ಎರಡೂ ಹೊಂದುತ್ತವಾ ಅಂತ ನೋಡುತ್ತಾರೆ. ಹೊಂದಿದರೆ ಮುಂದೆ, ಇಲ್ಲದಿದ್ದರೆ ಹಿಂದೆ. ನನ್ನ ಅನುಭವದಲ್ಲಿ ವಾಪಸ್ ಬರುವ ಅರ್ಜಿಗಳಲ್ಲಿ ನಿಜವಾಗಿ ಅರ್ಹತೆ ಇಲ್ಲದವು ಕಡಿಮೆ. ಹೊಂದಾಣಿಕೆ ತಪ್ಪಿದವೇ ಜಾಸ್ತಿ.

ಹಾಗಾಗಿ ಪೋರ್ಟಲ್ ತೆರೆಯುವ ಮುಂಚೆ ಒಂದು ಹಾಳೆ ತಗೊಂಡು ಮೂರು ಸಾಲು ಬರೆಯಿರಿ. ಹೆಸರು, ವಿಳಾಸ, ಮಾಡುವ ಕೆಲಸ. ಆಮೇಲೆ ನಿಮ್ಮ ಹತ್ತಿರ ಇರುವ ಪ್ರತಿಯೊಂದು ಕಾಗದದಲ್ಲೂ, ಅಂದರೆ ಗುರುತಿನ ಚೀಟಿ, ತೆರಿಗೆ ನೋಂದಣಿ, ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕರೆಂಟ್ ಬಿಲ್, ಈ ಮೂರೂ ಹೇಗೆ ಬರೆದಿದೆ ಅಂತ ಅಕ್ಷರ ಅಕ್ಷರವಾಗಿ ನೋಡಿ. ಒಂದರಲ್ಲಿ ಇನಿಶಿಯಲ್ ಇದ್ದು ಇನ್ನೊಂದರಲ್ಲಿ ಅದನ್ನು ಬಿಡಿಸಿ ಪೂರ್ತಿ ಬರೆದಿರುತ್ತದೆ. ಒಂದರಲ್ಲಿ ನೆಲಮಹಡಿ ಅಂತ ಇದ್ದರೆ ಇನ್ನೊಂದರಲ್ಲಿ ಬರೀ ಕಟ್ಟಡದ ಸಂಖ್ಯೆ. ಮನುಷ್ಯರಿಗೆ ಇದು ಒಂದೇ ಅಂತ ಅರ್ಥ ಆಗುತ್ತದೆ. ಆದರೆ ಈಗ ಬಹಳ ಕಡೆ ಈ ಹೋಲಿಕೆಯ ಮೊದಲ ಸುತ್ತು ಮಾಡುವುದು ಕಂಪ್ಯೂಟರ್, ಅದಕ್ಕೆ ಚುಕ್ಕಿಯೂ ಒಂದು ಅಕ್ಷರ. ತಿದ್ದಿಸುವುದಿದ್ದರೆ ಅರ್ಜಿಗೆ ಮುಂಚೆಯೇ ತಿದ್ದಿಸಿ. ಆಗದಿದ್ದರೆ 'ಈ ಎರಡು ಹೆಸರೂ ನನ್ನದೇ' ಅನ್ನುವ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಈಗ ನಿಮಗೆ ಬಂದ ಮೊದಲ ಆಕ್ಷೇಪಣೆ. 'ಚಟುವಟಿಕೆಗೂ ದಾಖಲೆಗೂ ಹೊಂದಾಣಿಕೆ ಇಲ್ಲ.' ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಅರ್ಧ ಅರ್ಜಿಯ ಹಣೆಬರಹ ಇಲ್ಲೇ ತೀರ್ಮಾನ ಆಗುತ್ತದೆ.

ಫಾರ್ಮ್‌ನಲ್ಲಿ ಎಲ್ಲೋ ಒಂದು ಕಡೆ 'ವ್ಯಾಪಾರದ ಚಟುವಟಿಕೆ' ಅಂತ ಪಟ್ಟಿ ಬಂದಿರುತ್ತದೆ, ಅದರಲ್ಲೊಂದು ಸಂಕೇತ ಆರಿಸಬೇಕು. ಹೆಚ್ಚಿನವರು ಹುಡುಕುವ ಜಾಗದಲ್ಲಿ 'ಮರ' ಅಂತ ಹೊಡೆದು ಮೊದಲು ಬಂದಿದ್ದನ್ನು ಒತ್ತಿಬಿಡುತ್ತಾರೆ. ಈ ಸಂಕೇತಗಳು ಯಾರೋ ಸುಮ್ನೆ ಕೊಟ್ಟ ನಂಬರ್ ಅಲ್ಲ. ವಿಶ್ವಸಂಸ್ಥೆ 1948ರಲ್ಲಿ ಎಲ್ಲ ಆರ್ಥಿಕ ಚಟುವಟಿಕೆಗಳಿಗೂ ಒಂದು ವರ್ಗೀಕರಣ ಮಾಡಿತು, ಐಸಿಕ್ ಅಂತಾರೆ. ಅದರ ನಾಲ್ಕನೇ ಪರಿಷ್ಕರಣೆ ಬಂದದ್ದು 2008ರಲ್ಲಿ. ಭಾರತದ ಎನ್‌ಐಸಿ, ಯುರೋಪಿನ ನೇಸ್, ಇಂಡೊನೇಷ್ಯಾದ ಕೆಬಿಎಲ್‌ಐ ಪಟ್ಟಿಗಳೆಲ್ಲ ಅದರ ಮೇಲೇ ಕಟ್ಟಿದವು, ಒಳಗೆ ತಮಗೆ ಬೇಕಾದ ವಿಂಗಡಣೆ ಮಾಡಿಕೊಂಡಿರುತ್ತವೆ. ಅಮೆರಿಕದವರದು ಬೇರೆ, ಆರು ಅಂಕಿಯ ನೈಕ್ಸ್.

ನಿಮ್ಮ ವಿಷಯಕ್ಕೇ ಬರೋಣ. ಆ 2008ರ ಪಟ್ಟಿಯಲ್ಲಿ ಮೇಜು, ಕುರ್ಚಿ, ಮಂಚ ಮಾಡಿದರೆ 3100. ಬಾಗಿಲು, ಕಿಟಕಿ, ಚೌಕಟ್ಟು ಮಾಡಿದರೆ 1622. ಮಾಡಿದ ಬಾಗಿಲನ್ನು ಕಟ್ಟಡಕ್ಕೆ ಹೋಗಿ ಕೂರಿಸಿದರೆ 4330, ಅದು ಕಟ್ಟಡ ಕೆಲಸದ ಲೆಕ್ಕ. ಹಳೇ ಕುರ್ಚಿ ರಿಪೇರಿ ಮಾಡಿದರೆ 9524, ಅದು ಸೇವೆ. ಒಬ್ಬನೇ ಬಡಗಿ, ಒಂದೇ ಗರಗಸ, ನಾಲ್ಕು ಸಂಕೇತ! 3100 ಮತ್ತು 1622 ತಯಾರಿಕೆ, ಹಾಗಾಗಿ ಕಾರ್ಖಾನೆಗೆ ಕೇಳುವ ಪ್ರಶ್ನೆಗಳು ಬರಬಹುದು. 9524 ಆರಿಸಿದರೆ ಅಷ್ಟು ಪ್ರಶ್ನೆ ಬರದೇ ಇರಬಹುದು. ಅದಕ್ಕೇ ಕೆಲವರು ಬುದ್ಧಿವಂತಿಕೆ ಮಾಡಿ ರಿಪೇರಿ ಅಂತ ಹಾಕಿ ಒಳಗೆ ಮಂಚ ಮಾಡುತ್ತಾರೆ. ಅದು ಬೇಡ. ಪರವಾನಗಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ನಾಳೆ ಬೆಂಕಿ ಬಿದ್ದಾಗ ವಿಮೆಯವರು ಮೊದಲು ಕೇಳುವುದು ಆ ಪರವಾನಗಿಯನ್ನೇ, ಅದರಲ್ಲಿ ಬರೆದ ಕೆಲಸವೇ ಬೇರೆ ಅಂತ ಗೊತ್ತಾದರೆ ಅವರಿಗೆ ಹಣ ಕೊಡದಿರಲು ಅಷ್ಟೇ ಸಾಕು.

ನನ್ನ ಊಹೆ ಏನಂದರೆ, ನೀವು ತಯಾರಿಕೆಯ ಸಂಕೇತ ಹಾಕಿ, ಬಾಡಿಗೆ ಕರಾರಿನಲ್ಲಿ 'ಗೋದಾಮು' ಅಂತಲೋ 'ಅಂಗಡಿ' ಅಂತಲೋ ಇರುವುದನ್ನು ಲಗತ್ತಿಸಿದ್ದೀರಿ. ಅಥವಾ ತೆರಿಗೆ ನೋಂದಣಿಯಲ್ಲಿ ಬೇರೆ ಚಟುವಟಿಕೆ ಇದೆ. ಈ ಎರಡನ್ನು ತೆಗೆದು ನೋಡಿ. ಮುಖ್ಯವಾಗಿ ಯಾವ ಕೆಲಸದಿಂದ ನಿಮಗೆ ಹೆಚ್ಚು ಆದಾಯ ಬರುತ್ತದೋ ಅದನ್ನು ಮುಖ್ಯ ಚಟುವಟಿಕೆ ಮಾಡಿ, ಉಳಿದದ್ದನ್ನು ಹೆಚ್ಚುವರಿ ಅಂತ ಸೇರಿಸಿ. ಬಹಳಷ್ಟು ಪೋರ್ಟಲ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸೇರಿಸಲು ಬರುತ್ತದೆ. ಆ ಗುಂಡಿ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ, ಅಷ್ಟೇ.

ಸಂಕೇತಕ್ಕೆ ಇಷ್ಟು ಬೆಲೆ ಯಾಕೆ ಅಂತ ಕೇಳಬಹುದು. ಇಂಡೊನೇಷ್ಯಾ ನೋಡಿ, ಅಲ್ಲಿ ಇದು ತೀರಾ ಬಿಚ್ಚಿಟ್ಟ ಹಾಗಿದೆ. 2018ರಲ್ಲಿ ಒಎಸ್‌ಎಸ್ ಅನ್ನುವ ಪೋರ್ಟಲ್ ಶುರು ಮಾಡಿದರು, 2021ರಲ್ಲಿ ಅದನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಬದಲಾಯಿಸಿದರು. ಚಟುವಟಿಕೆಯ ಸಂಕೇತ ನೋಡಿ ನಾಲ್ಕು ಮಟ್ಟ. ಕಡಿಮೆ ಅಪಾಯದ್ದಕ್ಕೆ ಒಂದು ಗುರುತಿನ ಸಂಖ್ಯೆ ಸಿಕ್ಕಿದರೆ ಸಾಕು, ಅಂಗಡಿ ತೆರೆಯಬಹುದು. ಸ್ವಲ್ಪ ಮೇಲಿನದಕ್ಕೆ 'ನಿಯಮ ಪಾಲಿಸುತ್ತೇನೆ' ಅಂತ ಸ್ವಯಂ ಘೋಷಣೆ. ಅದಕ್ಕೂ ಮೇಲಿನದಕ್ಕೆ ಆ ಘೋಷಣೆಯನ್ನು ಯಾರಾದರೂ ಪರಿಶೀಲಿಸಬೇಕು. ಹೆಚ್ಚು ಅಪಾಯದ್ದಕ್ಕೆ ಮಾತ್ರ ಪೂರ್ತಿ ಪರವಾನಗಿ. ಬೇರೆ ದೇಶಗಳೂ ಒಂದಲ್ಲ ಒಂದು ರೀತಿಯಲ್ಲಿ ಇದೇ ದಾರಿ ಹಿಡಿದಿವೆ. ಅಂದರೆ ನೀವು ಆರಿಸಿದ ಆ ನಂಬರ್ ನಿಮ್ಮ ಅರ್ಜಿ ಯಾವ ಹಳಿಯ ಮೇಲೆ ಓಡುತ್ತದೆ ಅಂತ ನಿರ್ಧರಿಸುತ್ತದೆ.

ಸ್ವಯಂ ಘೋಷಣೆ ಅಂದಾಗ ಒಂದು ಮಾತು. ಇದನ್ನು ಜನ 'ಸುಮ್ನೆ ಟಿಕ್ ಹಾಕುವುದು' ಅಂದುಕೊಳ್ಳುತ್ತಾರೆ. ಅಧಿಕಾರಿ ಬಂದು ನೋಡಿ ಸಹಿ ಹಾಕಿದ್ದರೆ ಹೊಣೆಯಲ್ಲಿ ಅವರಿಗೂ ಸ್ವಲ್ಪ ಪಾಲು ಇರುತ್ತಿತ್ತು. ಟಿಕ್ ಹಾಕಿದ ಕ್ಷಣ ಅದು ಪೂರ್ತಿ ನಿಮ್ಮ ತಲೆ ಮೇಲೆ.

ಮರಗೆಲಸದಲ್ಲಿ ಎಡವುವ ಟಿಕ್ ಯಾವುದು ಗೊತ್ತಾ? 'ಅಪಾಯಕಾರಿ ವಸ್ತು ಸಂಗ್ರಹಿಸುತ್ತೀರಾ?' ಅನ್ನುವುದು. ಬಡಗಿ ಏನು ಬಾಂಬ್ ಇಡುತ್ತಾನಾ ಅಂತ ನಗುತ್ತಾ 'ಇಲ್ಲ' ಅಂತ ಹಾಕುತ್ತಾರೆ. ಆಮೇಲೆ ಇನ್‌ಸ್ಪೆಕ್ಷನ್‌ಗೆ ಬಂದವರು ಬಾಗಿಲ ಹಿಂದೆ ನೋಡುತ್ತಾರೆ. ಎರಡು ಡಬ್ಬ ಥಿನ್ನರ್, ಒಂದು ಡಬ್ಬ ವಾರ್ನಿಶ್, ಪಕ್ಕದಲ್ಲೇ ಪಾಲಿಶ್ ಒರೆಸಿದ ಬಟ್ಟೆ ಗುಡ್ಡೆ. ಥಿನ್ನರ್ ಬೇಗ ಹೊತ್ತಿಕೊಳ್ಳುವ ದ್ರವ, ಎಣ್ಣೆ ಪಾಲಿಶ್‌ನ ಬಟ್ಟೆ ಗುಡ್ಡೆಯಾಗಿ ಬಿದ್ದರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು, ಗಾಳಿಯಲ್ಲಿ ತೇಲುವ ಮರದ ಪುಡಿಯೂ ಕಿಡಿ ತಗುಲಿದರೆ ಸಿಡಿಯಬಹುದು. ಮರದ ಪುಡಿ ಕ್ಯಾನ್ಸರ್ ತರುವಂಥದ್ದು ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಇದೆಲ್ಲ ಅಧಿಕಾರಿಗೆ ಗೊತ್ತಿರುತ್ತದೆ. 'ಹೌದು, ಇಷ್ಟು ಲೀಟರ್, ಲೋಹದ ಕಪಾಟಿನಲ್ಲಿ, ಕಿಡಿ ಹಾರುವ ಯಂತ್ರದಿಂದ ದೂರ' ಅಂತ ಬರೆದವನ ಅರ್ಜಿ ಒಂದು ಪ್ರಶ್ನೆ ಜಾಸ್ತಿ ಕೇಳಿಸಿಕೊಳ್ಳಬಹುದು. 'ಇಲ್ಲ' ಅಂತ ಹಾಕಿ ಸಿಕ್ಕಿಬಿದ್ದವನ ಮಿಕ್ಕ ಉತ್ತರಗಳನ್ನೂ ಆಮೇಲೆ ಯಾರೂ ನಂಬುವುದಿಲ್ಲ. ಸದ್ದಿನ ಪ್ರಶ್ನೆಗೂ ಇದೇ ಮಾತು. ಯುರೋಪಿನಲ್ಲಿ ಕೆಲಸದ ದಿನಕ್ಕೆ ಸರಾಸರಿ 80 ಡೆಸಿಬಲ್ ದಾಟಿದರೆ ಮಾಲೀಕ ಕಿವಿಗೆ ರಕ್ಷಣೆ ಒದಗಿಸಬೇಕು, 85 ಮುಟ್ಟಿದರೆ ಹಾಕಿಸಲೇಬೇಕು. ಮರ ಕೊಯ್ಯುವ, ಹೆರೆಯುವ ಯಂತ್ರಗಳು ಇದನ್ನು ಸುಲಭವಾಗಿ ದಾಟುತ್ತವೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಅಂಕಿ ಇರುತ್ತದೆ, ಅದನ್ನೇ ಬರೆಯಿರಿ.

ಇನ್ನು ಜಾಗ. ನೀವು ಬಾಡಿಗೆ ಶುರುವಾಗಿದೆ ಅಂದಾಗ ನನಗೆ ಸ್ವಲ್ಪ ಸಂಕಟ ಆಯಿತು.

ಸರಿಯಾದ ಕ್ರಮ ಅಂದರೆ ಮೊದಲು ಜಾಗದ ಭೂ ಬಳಕೆ ಏನು ಅಂತ ತಿಳಿದುಕೊಂಡು, ಆಮೇಲೆ ಕರಾರಿಗೆ ಸಹಿ ಹಾಕುವುದು. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ವಾಸದ ವಲಯ ಅಂತ ಗುರುತಿಸಿದ ಕಡೆ ಗರಗಸದ ಯಂತ್ರಕ್ಕೆ ಒಪ್ಪಿಗೆ ಸಿಗುವುದು ಕಷ್ಟ, ಕೆಲವೆಡೆ ಇಂತಿಷ್ಟು ಅಶ್ವಶಕ್ತಿಯ ಮೋಟಾರ್‌ವರೆಗೆ ಬಿಡುತ್ತಾರೆ, ಕೆಲವೆಡೆ ಅದೂ ಇಲ್ಲ. ಅದು ಅಧಿಕಾರಿಯ ಕೈಯಲ್ಲಿ ಇರುವ ವಿಷಯವೇ ಅಲ್ಲ, ನಕ್ಷೆಯಲ್ಲಿ ಬಣ್ಣ ಹಾಕಿ ಆಗಿರುತ್ತದೆ. ಎಷ್ಟೇ ಚೆನ್ನಾಗಿ ಫಾರ್ಮ್ ತುಂಬಿದರೂ ಬಣ್ಣ ಬದಲಾಗುವುದಿಲ್ಲ. ಹಾಗಾಗಿ ಮೂರನೇ ಸಲ ಅರ್ಜಿ ಮುಟ್ಟುವ ಮುಂಚೆ ಇದೊಂದನ್ನು ಖಚಿತ ಮಾಡಿಕೊಳ್ಳಿ. ಯೋಜನಾ ಪ್ರಾಧಿಕಾರದ ನಕ್ಷೆ ಬಹಳ ಕಡೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ ಪಡೆಯಿರಿ. ವಲಯ ಹೊಂದುವುದಿಲ್ಲ ಅಂತಾದರೆ ನಷ್ಟ ಆಗಲಿ, ಇವತ್ತೇ ಬೇರೆ ಜಾಗ ಹುಡುಕಿ. ಹೊಂದುತ್ತದೆ ಅಂತಾದರೆ ಜಾಗದ ಮಾಲೀಕರ ಹತ್ತಿರ ಮಾತಾಡಿ ಕರಾರಿಗೆ ಒಂದು ತಿದ್ದುಪಡಿ ಸೇರಿಸಿ: ಈ ಜಾಗ ಮರಗೆಲಸದ ತಯಾರಿಕೆಗೆ, ಯಂತ್ರ ಕೂರಿಸಲು ಮಾಲೀಕರ ಒಪ್ಪಿಗೆ ಇದೆ, ಅಂತ. ಮುಂದೆ ಯಾವತ್ತಾದರೂ ಇನ್ನೊಂದು ಜಾಗ ಹಿಡಿದರೆ 'ಪರವಾನಗಿ ಸಿಗದಿದ್ದರೆ ಮುಂಗಡ ವಾಪಸ್' ಅನ್ನುವ ಸಾಲನ್ನೂ ಹಾಕಿಸಿ. ಮಾಲೀಕರು ಮುಖ ಸಿಂಡರಿಸುತ್ತಾರೆ, ಆದರೂ ಕೇಳಿ.

ಮತ್ತೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡುತ್ತೇನೆ. ನೋಂದಣಿ ಬೇರೆ, ಪರವಾನಗಿ ಬೇರೆ. ನೋಂದಣಿ ಅಂದರೆ 'ನಾನು ಇದ್ದೇನೆ' ಅಂತ ಸರ್ಕಾರಕ್ಕೆ ಹೇಳುವುದು. ಪರವಾನಗಿ ಅಂದರೆ 'ಈ ಜಾಗದಲ್ಲಿ ಈ ಕೆಲಸ ಮಾಡಬಹುದಾ' ಅಂತ ಕೇಳುವುದು. ಎಸ್ಟೋನಿಯಾದಲ್ಲಿ ಕೆಲವೇ ಗಂಟೆಗಳಲ್ಲಿ ಕಂಪನಿ ಆಗುತ್ತಂತೆ, ನಮಗೆ ಯಾಕೆ ತಿಂಗಳು ಅಂತ ಜನ ಬೈಯುತ್ತಾರೆ. ಅಲ್ಲಿ 2007ರಿಂದ ಆನ್‌ಲೈನ್‌ನಲ್ಲೇ ಕಂಪನಿ ನೋಂದಣಿ ಆಗುತ್ತಿರುವುದು ನಿಜ. ಆದರೆ ಅದು ನೋಂದಣಿ. ಬೆಂಕಿ, ಹೊಗೆ, ಸದ್ದು ಇರುವ ಕೆಲಸಕ್ಕೆ ಅಲ್ಲೂ ಯಾರಾದರೂ ನೋಡಲೇಬೇಕು. ವಿಶ್ವ ಬ್ಯಾಂಕ್ ಪ್ರತಿ ವರ್ಷ ದೇಶಗಳಿಗೆ ವ್ಯಾಪಾರ ಸುಲಭತೆಯ ರ‍್ಯಾಂಕ್ ಕೊಡುತ್ತಿತ್ತಲ್ಲ, ಅದರಲ್ಲಿ ಮೇಲೇರಲು ಬಹಳ ದೇಶಗಳವರು ನೋಂದಣಿಯನ್ನು ವೇಗ ಮಾಡಿದರು, ಯಾಕಂದರೆ ಎಷ್ಟು ದಿನ ಹಿಡಿಯಿತು ಅಂತ ಅಳೆಯುವುದು ಸುಲಭ. ಅಂಕಿ ಅಂಶದಲ್ಲಿ ಗೋಲ್‌ಮಾಲ್ ಆಗಿದೆ ಅಂತ 2021ರ ಸೆಪ್ಟೆಂಬರ್‌ನಲ್ಲಿ ಆ ರ‍್ಯಾಂಕ್ ಪಟ್ಟಿಯನ್ನೇ ನಿಲ್ಲಿಸಿದರು. ಪೋರ್ಟಲ್‌ಗಳು ಉಳಿದವು.

ಎರಡನೇ ಆಕ್ಷೇಪಣೆ, 'ದಾಖಲೆ ಸ್ಪಷ್ಟವಿಲ್ಲ'. ಇದಕ್ಕೆ ಎರಡು ಅರ್ಥ ಇರಬಹುದು.

ಒಂದು, ನಿಜವಾಗಿಯೂ ಓದಲು ಆಗುತ್ತಿಲ್ಲ. ಪೋರ್ಟಲ್ 1 ಅಥವಾ 2 ಎಂಬಿಗಿಂತ ಜಾಸ್ತಿ ಬೇಡ ಅನ್ನುತ್ತದೆ, ನೀವು ಯಾವುದೋ ಆಪ್‌ನಲ್ಲಿ ಹಿಂಡಿ ಹಿಂಡಿ ಸಣ್ಣದು ಮಾಡುತ್ತೀರಿ, ಮೊಹರು ಮಸಿಯಾಗುತ್ತದೆ. ಲೆಕ್ಕ ಹೀಗಿದೆ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಗುಣಿಸು 3508 ಚುಕ್ಕಿ, ಒಂದೊಂದಕ್ಕೆ 3 ಬೈಟ್, ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ. ಅದನ್ನೇ ಬಣ್ಣ ಬಿಟ್ಟು ಬೂದು ಬಣ್ಣದಲ್ಲಿ ಮಾಡಿದರೆ ಮೂರನೇ ಒಂದು ಭಾಗ. 300ರ ಬದಲು 150 ಮಾಡಿದರೆ ಅದರಲ್ಲೂ ಕಾಲು ಭಾಗ, ಅಂದರೆ 2 ಎಂಬಿ ಆಸುಪಾಸು, ಇನ್ನೂ ಕುಗ್ಗಿಸಿಯೇ ಇಲ್ಲ. ಹಾಗಾಗಿ ಮೊದಲೇ 150ರಿಂದ 200 ಡಿಪಿಐ, ಬೂದು ಬಣ್ಣ ಅಂತ ಇಟ್ಟು ಸ್ಕ್ಯಾನ್ ಮಾಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಆಮೇಲೆ ಹಿಂಡಬೇಡಿ. ಫೈಲ್ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ ಇರಲಿ, ಜಾಗ ಬಿಡಬೇಡಿ, ಚಿಹ್ನೆ ಹಾಕಬೇಡಿ. ಕನ್ನಡದಲ್ಲಿ ಹೆಸರಿಟ್ಟ ಫೈಲ್ ಅಪ್‌ಲೋಡ್ ಆದ ಹಾಗೆ ಕಂಡು, ಆ ಕಡೆ ತೆರೆದರೆ ಖಾಲಿ ಬಂದದ್ದನ್ನು ನಾನೇ ನೋಡಿದ್ದೇನೆ.

ಎರಡನೇ ಅರ್ಥ ಸ್ವಲ್ಪ ವಿಚಿತ್ರ. ಡಿಜಿಟಲ್ ಸಹಿ ಇರುವ ಪಿಡಿಎಫ್ ಅನ್ನು ಪ್ರಿಂಟ್ ತೆಗೆದು, ಅದರ ಮೇಲೆ ಇನ್ನೊಂದು ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸಿರುತ್ತಾರೆ. ಪಾಪ, ಎಚ್ಚರಿಕೆಯಿಂದಲೇ ಮಾಡಿದ್ದು. ಆದರೆ ಡಿಜಿಟಲ್ ಸಹಿ ಇರುವುದು ಫೈಲ್‌ನ ಒಳಗೆ, ಕಾಗದದ ಮೇಲೆ ಕಾಣುವ ಹಸಿರು ಟಿಕ್ ಅದರ ಚಿತ್ರ ಮಾತ್ರ. ಪ್ರಿಂಟ್ ತೆಗೆದ ಕೂಡಲೇ ಸಹಿ ಹೋಯಿತು. ಪರಿಶೀಲಿಸುವವರ ಪರದೆಯಲ್ಲಿ 'ಸಹಿ ಇಲ್ಲ' ಅಂತ ಬರುತ್ತದೆ, ಅವರು 'ಸ್ಪಷ್ಟವಿಲ್ಲ' ಅಂತ ಬರೆದು ಬಿಡುತ್ತಾರೆ. ಬೇರೆ ಇಲಾಖೆಯಿಂದ ಡೌನ್‌ಲೋಡ್ ಮಾಡಿದ ಪ್ರಮಾಣಪತ್ರ ಯಾವುದಾದರೂ ಇದ್ದರೆ ಡೌನ್‌ಲೋಡ್ ಆದ ಫೈಲನ್ನೇ, ಹಾಗೇ, ಮುಟ್ಟದೆ ಅಪ್‌ಲೋಡ್ ಮಾಡಿ. ಕುಗ್ಗಿಸಿದರೂ ಸಹಿ ಕೆಡುತ್ತದೆ.

ದುಡ್ಡಿನ ವಿಷಯ ಚಿಕ್ಕದು. ಶುಲ್ಕ ಕಟ್ಟಿ, ಖಾತೆಯಿಂದ ಹೋಗಿ, ಪೋರ್ಟಲ್‌ನಲ್ಲಿ 'ಬಾಕಿ' ಅಂತಲೇ ತೋರಿಸಿದರೆ ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ಬ್ಯಾಂಕ್, ಪಾವತಿ ಗೇಟ್‌ವೇ, ಖಜಾನೆ, ಪೋರ್ಟಲ್ ಇಷ್ಟೂ ಜನರ ಲೆಕ್ಕ ತಾಳೆಯಾಗಲು ಸಮಯ ಬೇಕು. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಒಂದೆರಡು ಕೆಲಸದ ದಿನ ಕಾಯಿರಿ. ಎರಡು ಸಲ ಕಟ್ಟಿದ ದುಡ್ಡು ವಾಪಸ್ ಪಡೆಯುವುದು ಪರವಾನಗಿಗಿಂತ ಕಷ್ಟ.

ಈಗ ಗಡುವು. ಬಹಳ ದೇಶಗಳಲ್ಲಿ ಇಷ್ಟು ದಿನದೊಳಗೆ ತೀರ್ಮಾನ ಆಗಲೇಬೇಕು ಅಂತ ಕಾನೂನು ಇದೆ. ಫಿಲಿಪ್ಪೀನ್ಸ್ 2018ರ ಕಾನೂನಿನಲ್ಲಿ ಸರಳ ಕೆಲಸಕ್ಕೆ 3, ಸಂಕೀರ್ಣಕ್ಕೆ 7, ತೀರಾ ತಾಂತ್ರಿಕವಾದದ್ದಕ್ಕೆ 20 ಕೆಲಸದ ದಿನ ಅಂತ ಇಟ್ಟಿದೆ. ಯುರೋಪ್ ಒಕ್ಕೂಟದ 2006ರ ಸೇವಾ ನಿರ್ದೇಶನ, ಗಡುವು ಮುಗಿದರೂ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ ಅನ್ನುವುದನ್ನೇ ಸಾಮಾನ್ಯ ನಿಯಮ ಮಾಡಿತು, ಸಾರ್ವಜನಿಕ ಹಿತದ ಕಾರಣಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶವನ್ನೂ ಇಟ್ಟಿತು. ಕೇಳಲು ಚೆಂದ. ಆದರೆ ನಿಮ್ಮ ಅರ್ಜಿಗೆ ಒಂದು ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಹಾಕಿದರೆ ಸಾಮಾನ್ಯವಾಗಿ ಆ ಗಡಿಯಾರ ಅಲ್ಲೇ ನಿಲ್ಲುತ್ತದೆ, ನೀವು ಉತ್ತರ ಕೊಟ್ಟ ಮೇಲೆಯೇ ಮತ್ತೆ ಓಡುವುದು. ಗಡುವಿನ ಕೊನೇ ದಿನ ಸಂಜೆ ಬರುವ ಸಣ್ಣಪುಟ್ಟ ಕ್ವೆರಿಗಳ ಹಿಂದಿನ ಗುಟ್ಟು ಕೆಲವು ಸಲ ಇದೇ. ಅದಕ್ಕೇ ಗಡುವು ಎಣಿಸಬೇಕಾದದ್ದು ನೀವು ಅರ್ಜಿ ಹಾಕಿದ ದಿನದಿಂದ ಅಲ್ಲ, 'ಅರ್ಜಿ ಪೂರ್ಣ' ಅಂತ ಅವರು ಒಪ್ಪಿಕೊಂಡ ದಿನದಿಂದ. ಸ್ವೀಕೃತಿಯಲ್ಲಿ ಆ ದಿನಾಂಕ ಇದೆಯಾ ನೋಡಿ. ಮೌನವೇ ಒಪ್ಪಿಗೆ ಅನ್ನುವ ನಿಯಮ ನಿಮ್ಮ ಪರವಾನಗಿಗೆ ಇದ್ದರೂ, ಅದನ್ನು ನಂಬಿ ಯಂತ್ರ ಶುರು ಮಾಡುವ ಮುಂಚೆ ಪೋರ್ಟಲ್‌ನಿಂದ ಆ ಒಪ್ಪಿಗೆಯ ಪತ್ರ ತೆಗೆದುಕೊಳ್ಳಿ. ಬ್ಯಾಂಕಿನವರಿಗೆ 'ಅವರು ಏನೂ ಹೇಳಲಿಲ್ಲ ಸಾರ್' ಅಂದರೆ ಸಾಲ ಕೊಡುತ್ತಾರಾ?

ಸರಿ, ಏಜೆಂಟ್. ನಾನು ಏಜೆಂಟರ ವಿರೋಧಿ ಅಲ್ಲ. ಹತ್ತು ವರ್ಷ ಇದೇ ಕೆಲಸ ಮಾಡಿದವರಿಗೆ ಯಾವ ಮೇಜಿನಲ್ಲಿ ಯಾವ ಕಾಗದ ಕೇಳುತ್ತಾರೆ ಅಂತ ಗೊತ್ತಿರುತ್ತದೆ, ಆ ತಿಳಿವಳಿಕೆಗೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ. ಕಟ್ಟಡದ ನಕ್ಷೆ, ಬೆಂಕಿ ಸುರಕ್ಷತೆಯ ಲೆಕ್ಕ ಇಂಥದ್ದಕ್ಕೆ ಅರ್ಹ ವೃತ್ತಿಪರರೇ ಬೇಕು ಅಂತಲೂ ಇರುತ್ತದೆ. ಆದರೆ ಖಾತೆ ನಿಮ್ಮದಿರಬೇಕು. ಇಮೇಲ್ ನಿಮ್ಮದು, ಮೊಬೈಲ್ ಸಂಖ್ಯೆ ನಿಮ್ಮದು, ಒಟಿಪಿ ಬರುವುದು ನಿಮಗೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನನ್ನದೇ ಒಂದು ಸಣ್ಣ ಸಂಸ್ಥೆಯ ಪರವಾನಗಿಯನ್ನು ಮೊದಲ ಸಲ ಒಬ್ಬರು ಮಾಡಿಸಿಕೊಟ್ಟರು. ಚೆನ್ನಾಗಿಯೇ ಮಾಡಿದರು, ಬೇಗ ಬಂತು, ನಾನು ಖುಷಿಯಾಗಿ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದೆ. ಅದು ಮುಗಿಯುವ ದಿನಾಂಕ ಚೌಕಟ್ಟಿನ ಅಂಚಿನಲ್ಲಿ ಮುಚ್ಚಿಹೋಗಿತ್ತು, ನಗಬೇಡಿ. ನವೀಕರಣದ ನೆನಪೋಲೆಗಳು ಮೂರು ಬಂದವಂತೆ, ಮೂರೂ ಅವರ ಇಮೇಲ್‌ಗೆ. ಅವರು ಆ ಹೊತ್ತಿಗೆ ಆ ಕೆಲಸವನ್ನೇ ಬಿಟ್ಟಿದ್ದರು. ದಂಡ ಕಟ್ಟಿದ್ದು ಹೋಗಲಿ, ಖಾತೆಯ ಮೊಬೈಲ್ ಸಂಖ್ಯೆ ಬದಲಾಯಿಸಲು ಹಳೇ ಸಂಖ್ಯೆಗೆ ಒಟಿಪಿ ಹೋಗುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಅಲೆದದ್ದು ಎರಡು ತಿಂಗಳು.

ಕೆಲವು ಪೋರ್ಟಲ್‌ಗಳಲ್ಲಿ 'ಅಧಿಕೃತ ಪ್ರತಿನಿಧಿ' ಅಂತ ಸೇರಿಸುವ ವ್ಯವಸ್ಥೆ ಇದೆ. ಏಜೆಂಟ್ ತನ್ನದೇ ಲಾಗಿನ್‌ನಿಂದ ನಿಮ್ಮ ಅರ್ಜಿ ನೋಡಬಹುದು, ತುಂಬಬಹುದು, ಆದರೆ ಸಲ್ಲಿಸುವುದು ನೀವು, ಬೇಡವಾದಾಗ ತೆಗೆದುಹಾಕುವುದೂ ನೀವು. ಅದಿದ್ದರೆ ಬಳಸಿ. ಇಲ್ಲದಿದ್ದರೆ ಅವರ ಪಕ್ಕ ಕೂತು ನೀವೇ ಟೈಪ್ ಮಾಡಿ. 'ಒಳಗೆ ನಮ್ಮವರಿದ್ದಾರೆ' ಅನ್ನುವವರನ್ನು ಮಾತ್ರ ಬಾಗಿಲಿನಿಂದಲೇ ಕಳಿಸಿ.

ಮತ್ತೆ ಪೋರ್ಟಲ್ ಅಸಲಿಯೇ ಅಂತಲೂ ಒಮ್ಮೆ ನೋಡಿಕೊಳ್ಳಿ. ಹುಡುಕಿದಾಗ ಮೇಲೆ ಬರುವುದು ಜಾಹೀರಾತು, ಲಾಂಛನ ಬಣ್ಣ ಎಲ್ಲ ಸರ್ಕಾರದ್ದರ ಹಾಗೇ ಇರುತ್ತದೆ, ಉಚಿತವಾಗಿ ಆಗುವ ನೋಂದಣಿಗೆ ದುಡ್ಡು ಕೀಳುತ್ತಾರೆ. ಭಾರತ, ಬ್ರಿಟನ್ ಥರದ ದೇಶಗಳಲ್ಲಿ ಸರ್ಕಾರಿ ವೆಬ್ ವಿಳಾಸದಲ್ಲಿ ಸಾಮಾನ್ಯವಾಗಿ gov.in, gov.uk ಅಂತ ಇರುತ್ತದೆ, ಎಲ್ಲ ದೇಶಗಳಲ್ಲೂ ಹಾಗಿಲ್ಲ. ಇಲಾಖೆಯ ಅಧಿಕೃತ ಪತ್ರದಲ್ಲಿ ಅಚ್ಚಾದ ವಿಳಾಸವನ್ನೇ ಟೈಪ್ ಮಾಡಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಕೊನೆಗೆ, ಈಗ ನಿಮ್ಮ ಮುಂದಿರುವ ಕೆಲಸ. ಹೊಸ ಅರ್ಜಿ ಹಾಕಬೇಡಿ. ವಾಪಸ್ ಬಂದದ್ದು 'ತಿರಸ್ಕೃತ' ಅಂತಲೋ 'ಸ್ಪಷ್ಟೀಕರಣಕ್ಕೆ' ಅಂತಲೋ ನೋಡಿ. ಎರಡನೆಯದಾದರೆ ಅದೇ ಸಂಖ್ಯೆಯಲ್ಲೇ ಉತ್ತರ ಕೊಡಬೇಕು, ಅದಕ್ಕೂ ಒಂದು ಕೊನೇ ದಿನ ಇರುತ್ತದೆ. ಒಂದೇ ಜಾಗಕ್ಕೆ ಎರಡು ಅರ್ಜಿ ಓಡುತ್ತಿದ್ದರೆ ಎರಡೂ ಸಿಕ್ಕಿಹಾಕಿಕೊಳ್ಳಬಹುದು. ಉತ್ತರವನ್ನು ಮೊದಲು ಬೇರೆ ಕಡೆ ಟೈಪ್ ಮಾಡಿಟ್ಟುಕೊಳ್ಳಿ, ಪೋರ್ಟಲ್ ಒಳಗೆ ಬರೆಯುತ್ತಾ ಕೂತರೆ ಅದು ನಿಮ್ಮನ್ನು ಹೊರಗೆ ಹಾಕಿಬಿಡುತ್ತದೆ. ಅವರ ಪ್ರಶ್ನೆಯನ್ನೇ ಮೊದಲ ಸಾಲಾಗಿ ಬರೆದು ಅದರ ಕೆಳಗೆ ಉತ್ತರ. ಹೀಗಿರಲಿ: 'ಆಕ್ಷೇಪಣೆ 1: ಚಟುವಟಿಕೆಗೂ ದಾಖಲೆಗೂ ಹೊಂದಾಣಿಕೆ ಇಲ್ಲ. ಉತ್ತರ: ಮುಖ್ಯ ಚಟುವಟಿಕೆ ಪೀಠೋಪಕರಣ ತಯಾರಿಕೆ. ಬಾಡಿಗೆ ಕರಾರಿಗೆ ಮಾಡಿದ ತಿದ್ದುಪಡಿಯ 2ನೇ ಪುಟ, 4ನೇ ಸಾಲು ನೋಡಿ, ಫೈಲ್ ಸಂಖ್ಯೆ 3.' ಇಷ್ಟು ಸಾಕು. ಕಷ್ಟಸುಖ, ಬಾಡಿಗೆ ಓಡುತ್ತಿದೆ ಅನ್ನುವುದೆಲ್ಲ ಅಲ್ಲಿ ಬೇಡ. ಸಲ್ಲಿಸಿದ ಮೇಲೆ ಬರುವ ಸ್ವೀಕೃತಿಯನ್ನು ಡೌನ್‌ಲೋಡ್ ಮಾಡಿ, ದಿನಾಂಕ ಮತ್ತು ವೆಬ್ ವಿಳಾಸ ಕಾಣುವ ಹಾಗೆ ಪರದೆಯ ಚಿತ್ರವನ್ನೂ ತೆಗೆದಿಡಿ.

ಪರವಾನಗಿ ಬಂದ ದಿನ ಮೊದಲು ಹೆಸರಿನ ಕಾಗುಣಿತ ನೋಡಿ, ಆಮೇಲೆ ಎರಡನೇ ಪುಟದ ಷರತ್ತುಗಳನ್ನು ಓದಿ. ಫ್ರೇಮ್ ಹಾಕಿಸುವುದಿದ್ದರೆ ದಿನಾಂಕ ಮುಚ್ಚದ ಹಾಗೆ ಹಾಕಿಸಿ.